ಸಮಸ್ಯಾಪೂರಣ: ಹಸಿವನ್ನೇ ಉಂಡವನು

ಸಮಸ್ಯೆ ನೀಡಿದವರು:
ಈ ವಾರ ಕಂದಪದ್ಯದ ನಾಲ್ಕನೆಯ ಪಾದವನ್ನು ಕೊಡುತ್ತಿದ್ದೇನೆ. ಇದಕ್ಕೆ ಅರ್ಥ ಹೊಂದುವಂತೆ ಮೊದಲ ಮೂರು ಪಾದಗಳನ್ನು ನೀವು ಪೂರಿಸಬೇಕು.

ಪಸಿವಂ ತಾನುಂಡು ತಣಿದನಾ ಪಸಿದಾತಂ

ಹಸಿದವನು ಹಸಿವನ್ನೇ ಉಂಡು ತೃಪ್ತನಾದನೆಂಬುದು ಮೇಲ್ನೋಟಕ್ಕೆ ಅಸಂಗತ. ಪ್ರಾಸಾಕ್ಷರ ಸಕಾರ, ಅದರ ಹಿಂದಿನ ಅಕ್ಷರ ಲಘು. ಹಳಗನ್ನಡದ ಪಕಾರವನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಪಾಲು ಹಾಲಾದಂತೆ, ಪೂ ಹೂವಾದಂತೆ ಪಸಿವು ಹಸಿವಾಯಿತು, ತಮಿಳಿನಲ್ಲಿ ಇಂದಿಗೂ ಅದು ‘ಪಸಿ’ಯೇ.

ಮೊದಲ ಪೂರಣಕಾರರು:

ರಸಿಕಂ ನುಡಿಗೆ ಪಸಿದವಂ
ಪಸಿವೆಂಬೀ ಸೊಲ್ಲ ಬೇರನಗೆದಗೆದರಸಲ್
ರಸಮೊಸರಿದುದಾ ರಸದಿಂ
ಪಸಿವಂ ತಾನುಂಡು ತಣಿದನಾ ಪಸಿದಾತಂ

ನುಡಿಗಾಗಿ ಹಸಿದ ನಿಘಂಟುಕಾರನೊಬ್ಬ ಹಸಿವೆಂಬ ಪದದ ಬೇರನ್ನು ಅಗೆದು, ಅಲ್ಲಿ ಒಸರಿದ ರಸದಿಂದಲೇ ಹೊಟ್ಟೆ ತುಂಬಿಸಿಕೊಂಡನೆಂಬುದು ನನ್ನ ಪರಿಹಾರ. ಇದು ಅನುಭವದ ಮಾತು: 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶದ ಮರುಮುದ್ರಣವನ್ನು ತೊಡೆಯ ಮೇಲಿರಿಸಿಕೊಂಡು ಹಕಾರದಿಂದ ಪಕಾರಕ್ಕೆ, ಪಕಾರದಿಂದ ಹಕಾರಕ್ಕೆ ಪುಟ ಮಗುಚುತ್ತಿದ್ದವನು ಅನ್ನಕ್ಕಿಟ್ಟ ಕುಕ್ಕರಿನ ಸೀಟಿಗಳನ್ನು ಎಣಿಸುವುದನ್ನೇ ಮರೆತು, ತಳ ಹತ್ತಿದ ವಾಸನೆ ಬಂದ ಮೇಲೆ ಎದ್ದೆ. ಹಸಿದವನು ಬೇಯುವವರೆಗೆ ಕಾಯದೆ ಹಸಿಯದನ್ನೇ ತಿನ್ನುತ್ತಾನಾದ್ದರಿಂದ, ‘ಹಸಿ’ ಎಂಬುದರಿಂದಲೇ ಹಸಿವು ಹುಟ್ಟಿರಬೇಕೆಂದು ನನ್ನ ಊಹೆ.

ಸಮಸ್ಯೆ ನೀಡಿದವರು:
ಪದ್ಯ ಸೊಗಸಾಗಿದೆ, ಮಹನೀಯರೇ. ‘ರಸಿಕ’ನಿಂದ ತೊಡಗಿ ‘ರಸ’ಕ್ಕೆ ತಲಪಿದ್ದು ಮೆಚ್ಚುಗೆಯಾಯಿತು. ಊಹೆಯನ್ನು ಮಾತ್ರ ಒಪ್ಪಲಾರೆ. ಬೇಯದ ಹಸಿ, ಹಸಿರು, ಹಸುಳೆ ಇವೆಲ್ಲ ಎಳೆತನವನ್ನೂ ಹಸುರನ್ನೂ ಹೇಳುವ ಬೇರೊಂದು ಧಾತುವಿನ ಮಕ್ಕಳು. ತಮಿಳಿನಲ್ಲಿ ಹಸುರು ‘ಪಚ್ಚೈ’, ಹಸಿವು ‘ಪಸಿ’ ಎಂದು ಎರಡೂ ಬೇರೆಬೇರೆಯಾಗಿಯೇ ಉಳಿದಿವೆ. ನಮ್ಮ ಹಸಿವು ಬಂದದ್ದು ‘ಪಸಿ’ ಎಂಬ ಕ್ರಿಯಾಪದದಿಂದ. ಆ ಕ್ರಿಯಾಪದಕ್ಕೆ ಈಗ ಅರೆಜೀವ: ‘ಹಸಿದು ಬಂದೆ’, ‘ಹಸಿದಿದ್ದೇನೆ’ ಎನ್ನುತ್ತೇವೆ, ಆದರೆ ‘ನಾನು ಹಸಿಯುತ್ತೇನೆ’ ಎನ್ನುವವರಿಲ್ಲ, ‘ನನಗೆ ಹಸಿವಾಗುತ್ತದೆ’ ಎನ್ನುತ್ತೇವೆ. ಅಂದರೆ ಕರ್ತೃವಾಗಿದ್ದ ಹಸಿದವನು ಚತುರ್ಥಿಗೆ ಇಳಿದಿದ್ದಾನೆ, ಹಸಿವೇ ಕರ್ತೃವಾಗಿ ಕುಳಿತಿದೆ. ಹಾಗೆ ಕುಳಿತ ಕರ್ತೃವನ್ನು ದ್ವಿತೀಯಾ ವಿಭಕ್ತಿಗೆ ಎಳೆದು ತಂದು ಉಣ್ಣಬೇಕೆಂಬುದೇ ಈ ಸಮಸ್ಯೆಯ ಕುಚೋದ್ಯ.

ಮಂಗಳೂರಿನ ಸದಸ್ಯೆ:
ನಮ್ಮ ತುಳುವಿನ ದಿನಬಳಕೆಯಲ್ಲಿ ಹಸಿವೆಂದರೆ ‘ಬಡವು’. ಹಸಿದ ಮಗು ‘ಎಂಕ್ ಬಡವಾಪುಂಡು’ ಎನ್ನುತ್ತದೆ. ಕನ್ನಡದಲ್ಲಿ ‘ಬಡವಾಗು’ ಎಂದರೆ ಸೊರಗುವುದು, ಬಡವನೆಂದರೆ ಇಲ್ಲದವನು. ಇವನ್ನು ಪಕ್ಕದಲ್ಲಿಟ್ಟು ನೋಡಿದರೆ ತುಳುವರು ಹಸಿವನ್ನು ಮೈಯ ಸೊರಗಿನಲ್ಲಿ ಗುರುತಿಸಿದಂತೆ ನನಗೆ ತೋರುತ್ತದೆ. ಸಂಸ್ಕೃತದ ಬುಭುಕ್ಷೆಯ ದಾರಿಯೇ ಬೇರೆ. ಅದು ‘ಭುಜ್’ ಧಾತುವಿನ ಇಚ್ಛಾರ್ಥಕ ರೂಪವಾದ್ದರಿಂದ ಉಣ್ಣುವ ಬಯಕೆಯೆಂದೇ ಅರ್ಥ, ಹಿಂದಿಯ ಭೂಖ್, ಕೊಂಕಣಿಯ ಭೂಕ್ ಅದರ ಸಂತತಿ. ಪಸಿವನ್ನು ಉಣ್ಣುವುದು ನನಗೆ ಸರಿದೋರದ ಕಾರಣ ಪದವನ್ನೇ ಒಡೆದಿದ್ದೇನೆ.

ಪಸುಳೆತನಂ ಮಾಸದವಳ್
ಪೊಸಪಾಲಂ ತಂದಿಡಲ್ಕೆ ಗುಡಿಯೊಳ್ ನಲವಿಂ
ನಸುನಗುತಂ ಕರುಣಾರೂ
ಪಸಿವಂ ತಾನುಂಡು ತಣಿದನಾ ಪಸಿದಾತಂ

ಶಿವನಿಗೆ ಹಾಲುಣಿಸಿದಳೆಂದು ಶರಣರ ಕಥೆ ಹೇಳುವ ಬಾಲೆ, ಕೋಳೂರಿನ ಕೊಡಗೂಸು ತಂದ ಹಾಲನ್ನು ‘ಕರುಣಾರೂಪ ಸಿವಂ’ ತಾನೇ ಉಂಡು ತಣಿದನು. ಹಸಿದಿದ್ದವನು ಅವನೇ.

ಮೊದಲ ಪೂರಣಕಾರರು:
ನನ್ನ ಊಹೆಯನ್ನು ಹಿಂತೆಗೆದುಕೊಂಡಿದ್ದೇನೆ. ಅಕ್ಕನವರ ಪದಚ್ಛೇದ ಕಂಡು ಬೆರಗಾದೆ. ಆದರೆ ‘ಕರುಣಾರೂಪ’ ಸಂಸ್ಕೃತ, ‘ಸಿವಂ’ ತದ್ಭವ. ಇವೆರಡನ್ನು ಕೂಡಿಸಿದರೆ ಅರಿಸಮಾಸದ ದೋಷ ತಟ್ಟುವುದಿಲ್ಲವೇ?

ಮಂಗಳೂರಿನ ಸದಸ್ಯೆ:
ತಟ್ಟುತ್ತದೆ, ಬಲ್ಲೆ. ಬಿರುದಾವಳಿಯಲ್ಲಿ ಅರಿಸಮಾಸಕ್ಕೆ ಹಳಗನ್ನಡದ ವೈಯಾಕರಣ ಕೇಶಿರಾಜನ ವಿನಾಯಿತಿಯುಂಟು. ಕರುಣಾರೂಪನೆಂಬುದು ಶಿವನ ಬಿರುದೆಂದು ವಾದಿಸುವಷ್ಟು ಧೈರ್ಯ ನನಗಿದೆ.

ಸಮಸ್ಯೆ ನೀಡಿದವರು:
ವಾದ ತುಸು ಜಾರುಬಂಡೆಯ ಮೇಲಿದೆಯಾದರೂ ಪದ್ಯಕ್ಕಾಗಿ ಒಪ್ಪಿದೆ. ಮುಂದಿನ ವಾರವೂ ಇದೇ ವಸ್ತು, ಪದ ಮಾತ್ರ ‘ಕ್ಷುತ್’; ಸಂಸ್ಕೃತದಲ್ಲಿ ಅದು ಹಸಿವೂ ಹೌದು, ಸೀನೂ ಹೌದು.