ಸೊಸೈಟಿ ವೆಬ್‌ಸೈಟ್ ಕಣ್ಣು ಕಾಣದವರಿಗೂ ಓದಲು ಬರಬೇಕು, ಎಲ್ಲಿಂದ ಶುರು ಮಾಡಲಿ?

ತಾಲ್ಲೂಕು_ಗುಮಾಸ್ತ:
ನಾನು ಒಂದು ಸಣ್ಣ ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತ. ಕಂಪ್ಯೂಟರ್ ಬರುತ್ತದೆ ಅನ್ನೋ ಒಂದೇ ತಪ್ಪಿಗೆ ವೆಬ್‌ಸೈಟ್ ಕೂಡ ನನ್ನ ತಲೆಗೇ ಕಟ್ಟಿದ್ದಾರೆ. ಹೋದ ವಾರ ಒಬ್ಬ ಸದಸ್ಯರು ಫೋನ್ ಮಾಡಿದರು. ಅವರಿಗೆ ದೃಷ್ಟಿ ಇಲ್ಲ, ಫೋನ್ ಓದಿ ಹೇಳುವುದನ್ನು ಕೇಳಿಕೊಂಡೇ ಎಲ್ಲ ವ್ಯವಹಾರ ಮಾಡುತ್ತಾರೆ. "ಮಹಾಸಭೆ ನೋಟಿಸ್ ಹಾಕಿದ್ದೀವಿ ಅಂದ್ರಿ, ನನ್ನ ಫೋನ್ 'ಐಎಂಜಿ ಸೊನ್ನೆ ಸೊನ್ನೆ ನಾಲ್ಕು ಏಳು' ಅಂತಿದೆ, ಅದೇನಾ ನೋಟಿಸ್ಸು?" ಅಂದರು. ನಾವು ಹಾಕಿದ್ದು ನೋಟಿಸಿನ ಫೋಟೋ, ಫೋನ್ ಓದಿದ್ದು ಅದರ ಫೈಲಿನ ಹೆಸರು. ನನಗೆ ಉತ್ತರ ಹೊಳೆಯಲಿಲ್ಲ.

ಆಡಳಿತ ಮಂಡಳಿಯಲ್ಲಿ ಹೇಳಿದರೆ ಒಬ್ಬರು "ಅದೆಲ್ಲ ಸರ್ಕಾರಿ ಆಫೀಸಿಗೆ, ನಮಗಲ್ಲ" ಅಂದರು. ಇನ್ನೊಬ್ಬರು ಯಾರನ್ನೋ ಕರೆತಂದರು. ಪುಟದ ಮೂಲೆಯಲ್ಲಿ ಗಾಲಿಕುರ್ಚಿ ಚಿತ್ರದ ಒಂದು ಬಟನ್ ಕೂರಿಸುತ್ತಾರಂತೆ, ವರ್ಷಕ್ಕೆ 40 ಸಾವಿರ, ಆಮೇಲೆ ಎಲ್ಲ ತಾನಾಗೇ ಸರಿಹೋಗುತ್ತಂತೆ. ನಿಜವಾ?

ಕಿವಿಯಲ್ಲಿ_ಓದುವವ:
ನಾನೂ ನಿಮ್ಮ ಆ ಸದಸ್ಯರ ಥರದವನೇ. ಆಫೀಸಿನಲ್ಲಿ ಎನ್‌ವಿಡಿಎ, ಫೋನ್‌ನಲ್ಲಿ ಟಾಕ್‌ಬ್ಯಾಕ್. ಎರಡೂ ಕನ್ನಡ ಓದುತ್ತವೆ, ಎರಡಕ್ಕೂ ದುಡ್ಡಿಲ್ಲ. ಓದುವ ಸಾಫ್ಟ್‌ವೇರ್ ನಮ್ಮ ಹತ್ತಿರ ಆಗಲೇ ಇದೆ ಸ್ವಾಮಿ, ನೀವು ಬಟನ್ ಕೊಡಬೇಕಿಲ್ಲ. ಓದಲು ಅಕ್ಷರ ಕೊಡಿ, ಸಾಕು.

ಕನ್ನಡ ಸೈಟುಗಳಲ್ಲಿ ಮುಕ್ಕಾಲು ಗೋಳು ಇದೇ. ನೋಟಿಸನ್ನು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿರುತ್ತಾರೆ. ನಿಮ್ಮ ಕಣ್ಣಿಗೆ 'ಕನ್ನಡ' ಅಂತ ಚೆನ್ನಾಗೇ ಕಾಣುತ್ತದೆ, ಆದರೆ ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಹೀಗೇ ಮುಂದಕ್ಕೆ. ನನಗೆ ಕೇಳಿಸುವುದೂ ಅದೇ. ಒಂದಿಡೀ ಬೈಲಾ ಹೀಗೆ ಪೌಂಡು ಪೌಂಡು ಅಂತ ಕೇಳಿದ್ದೀನಿ, ಬಡ್ಡಿ ದರ ಮಾತ್ರ ತಿಳಿಯಲಿಲ್ಲ.

ಪರೀಕ್ಷೆ ಸುಲಭ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಯೂನಿಕೋಡ್ (ಯಾವ ಕಂಪ್ಯೂಟರ್‌ಗೂ ಕನ್ನಡ ಅಂತಲೇ ತಿಳಿಯುವ ಅಕ್ಷರ), ಕಾಗೆ ಗುಬ್ಬಿ ಬಂದರೆ ಹಳೇ ಫಾಂಟು, ಕಾಪಿಯೇ ಆಗದಿದ್ದರೆ ಅದು ಫೋಟೋ.

ಡಿವ್_ಒಳಗೆ_ಡಿವ್:
ಮೇಲಿನವರು ಹೇಳಿದ್ದೇ ಮೊದಲ ಕೆಲಸ. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ನೋಡಿ, ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ. ಮತ್ತೆ ಪಿಡಿಎಫ್ ಮಾಡಲು ಹೋಗಬೇಡಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿದ್ದರೂ ಪಿಡಿಎಫ್ ಆದ ಮೇಲೆ ಒತ್ತಕ್ಷರ ಎಷ್ಟೋ ಸಲ ಕಲಸಿಹೋಗುತ್ತದೆ. ನೋಟಿಸನ್ನು ಪುಟದಲ್ಲೇ ಪಠ್ಯವಾಗಿ ಹಾಕಿ, ಸಹಿ ಮೊಹರು ಇರುವ ಪ್ರತಿ ಕೆಳಗಿರಲಿ.

ಆಮೇಲೆ ಪುಟದ ಭಾಷೆ. ರೆಡಿಮೇಡ್ ಥೀಮ್ ಆದರೆ ಕೋಡಿನ ಶುರುವಿನಲ್ಲೇ ಭಾಷೆ 'ಇಎನ್' (ಇಂಗ್ಲಿಷ್) ಅಂತ ಸಾಮಾನ್ಯವಾಗಿ ಇರುತ್ತದೆ. ಅದನ್ನು 'ಕೆಎನ್' (ಕನ್ನಡ) ಮಾಡಿ. ಇಲ್ಲದಿದ್ದರೆ ಓದಿ ಹೇಳುವ ಕೆಲವು ಸಾಫ್ಟ್‌ವೇರ್‌ಗಳು ಕನ್ನಡವನ್ನೂ ಇಂಗ್ಲಿಷ್ ದನಿಯಲ್ಲೇ ಓದಲು ಹೊರಡುತ್ತವೆ. ಎರಡು ಅಕ್ಷರದ ಕೆಲಸ.

ಇನ್ನೊಂದು, ಬೈಕೋಬೇಡಿ. ಸೈಟಿಗೆ ಬಾವುಟದ ಬಣ್ಣ ಹಾಕಿದ್ದೀರಾ? ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಅಕ್ಷರ ಬರೆದರೆ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ, ಸುಮಾರು 3.7 ಬರುತ್ತದೆ. ಮಾಮೂಲಿ ಅಕ್ಷರಕ್ಕೆ ಬೇಕಾದದ್ದು ಕನಿಷ್ಠ 4.5. ದಪ್ಪ ತಲೆಬರಹಕ್ಕೆ ಪರವಾಗಿಲ್ಲ, ಸಾಲದ ನಿಯಮವನ್ನು ಹಾಗೆ ಬರೆದರೆ ನಮ್ಮಪ್ಪನಂಥ 70 ದಾಟಿದವರಿಗೆ ಕನ್ನಡಕ ಇದ್ದರೂ ಕಷ್ಟ. ಓಡುವ ಅಕ್ಷರ ಇದ್ದರೆ ಅದನ್ನೂ ನಿಲ್ಲಿಸಿ.

ಕೊನೆಗೆ ಮೌಸ್ ಕಿತ್ತಿಟ್ಟು ಬರೀ ಟ್ಯಾಬ್ ಕೀ ಒತ್ತುತ್ತಾ ಸಾಲದ ಅರ್ಜಿ ತುಂಬಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಲ್ಲಿ ಉಳಿದವರೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಕಟಕಟೆ:
"ನಮಗಲ್ಲ" ಅಂದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತೋರಿಸಿ. ಅದರಲ್ಲಿ ಖಾಸಗಿ ಸಂಸ್ಥೆ ಅಂದರೆ ಏನು ಅಂತ ಬಿಡಿಸಿ ಹೇಳಿರುವ ಕಡೆ ಕಂಪನಿ, ಟ್ರಸ್ಟ್ ಜೊತೆಗೆ ಸಹಕಾರ ಸಂಘದ ಹೆಸರೂ ಇದೆ. ಸೇವೆ ಕೊಡುವವರು ಸರ್ಕಾರಿಯೋ ಖಾಸಗಿಯೋ, ಸೇವೆ ಅಂಗವಿಕಲರಿಗೂ ಎಟುಕಬೇಕು ಅನ್ನುವ 46ನೇ ಕಲಂ ಇಬ್ಬರಿಗೂ ಒಂದೇ. ಕಾಯ್ದೆ ಮೀರಿದರೆ ಮೊದಲ ಸಲ 10 ಸಾವಿರದವರೆಗೆ ದಂಡ, ಮತ್ತೆ ಮೀರಿದರೆ 50 ಸಾವಿರದಿಂದ 5 ಲಕ್ಷ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯಡಿ ಎಟುಕುವಿಕೆಯ ಮಾನದಂಡ ಹೇಳುವ 15ನೇ ನಿಯಮ ಬರೀ ಸಲಹೆಯಂತಿದೆ, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ಡಿಜಿಟಲ್ ಸೇವೆ ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತಲೇ ಅಂದಿದೆ. ಇಷ್ಟನ್ನು ಮಂಡಳಿಯ ಮುಂದೆ ಓದಿ, ದಂಡದ ಸಾಲನ್ನು ಸ್ವಲ್ಪ ಜೋರಾಗಿ ಓದಿ.

ಆ ಬಟನ್ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಇಂಥದ್ದನ್ನೇ ಮಾರುತ್ತಿದ್ದ ಒಂದು ಕಂಪನಿ, ಸೈಟು ತಾನಾಗೇ ಸರಿಹೋಗುತ್ತದೆ ಅಂತ ಹೇಳಿಕೊಂಡದ್ದಕ್ಕೆ 2025ರಲ್ಲಿ ಅಲ್ಲಿನ ವ್ಯಾಪಾರ ಆಯೋಗಕ್ಕೆ 10 ಲಕ್ಷ ಡಾಲರ್ ಕಟ್ಟಬೇಕಾಯಿತು. 40 ಸಾವಿರ ಉಳಿಸಿಕೊಳ್ಳಿ.

ತಾಲ್ಲೂಕು_ಗುಮಾಸ್ತ:
ಎಲ್ಲರಿಗೂ ಥ್ಯಾಂಕ್ಸ್. ಬಟನ್ ಬೇಡ ಅಂದೆ, ಕರೆತಂದವರು ಎರಡು ದಿನ ಮಾತಾಡಲಿಲ್ಲ. ಭಾನುವಾರ ಕೂತು ನೋಟಿಸನ್ನು ಪೂರ್ತಿ ಯೂನಿಕೋಡ್‌ನಲ್ಲಿ ಹಾಕಿದೆ. ಅರ್ಕಾವತ್ತು ಮೂರು ಕಡೆ ಕೈಕೊಟ್ಟಿತ್ತು, 'ವಾರ್ಷಿಕ' ಸೇರಿ. ಆ ಸದಸ್ಯರಿಗೆ ಫೋನ್ ಮಾಡಿ ಕೇಳಿ ನೋಡಿ ಅಂದೆ. ಹತ್ತು ನಿಮಿಷಕ್ಕೆ ವಾಪಸ್ ಮಾಡಿದರು. "ಚೆನ್ನಾಗಿ ಓದ್ತಿದೆ. ಆದ್ರೆ ನೀವು ಬರೆದಿರೋ ತಾರೀಖು ಭಾನುವಾರ ಅಲ್ಲ, ಶನಿವಾರ." ಹೌದು. ಅಚ್ಚಾಗಿ ಗೋಡೆಗೆ ಅಂಟಿಸಿದ್ದರಲ್ಲೂ ಅದೇ ತಪ್ಪು, ಇಷ್ಟು ದಿನ ಯಾರೂ ನೋಡಿರಲಿಲ್ಲ.

ಸಾಲದ ಅರ್ಜಿ ಇನ್ನೂ ಬಾಕಿ. ಮೌಸ್ ಇಲ್ಲದೆ ಕ್ಯಾಪ್ಚಾವರೆಗೆ (ತುಂಬುತ್ತಿರುವುದು ಮನುಷ್ಯರೇನಾ ಅಂತ ನೋಡುವ ಪರೀಕ್ಷೆ) ಹೋಗಿ ನಿಂತಿದ್ದೀನಿ. ಅದನ್ನು ತೆಗೆದರೆ ಸ್ಪ್ಯಾಮ್ ಜಾಸ್ತಿ ಆಗುತ್ತಾ?