ಟರ್ಸೆಲ್ ಫೋರ್‌ವೀಲ್ ವ್ಯಾಗನ್ (1985): ಬಿಸಿಯಾದ ಮೇಲೆ ಆಫ್ ಆಗುತ್ತದೆ, ತಿರುವಿನಲ್ಲಿ ಬಿಗಿ ಹಿಡಿಯುತ್ತದೆ. ತಗೊಳ್ಳಬಹುದಾ?

ಹಳೇ_ವ್ಯಾಗನ್ (ಪೋರ್ಟ್‌ಲ್ಯಾಂಡ್, ಆರೆಗಾನ್)

ಎಲ್ಲರಿಗೂ ನಮಸ್ಕಾರ. ಒಂದು ಗಾಡಿ ಮೇಲೆ ಮನಸ್ಸಾಗಿದೆ. 1985ರ ಟೊಯೋಟಾ ಟರ್ಸೆಲ್, ಫೋರ್‌ವೀಲ್ ಡ್ರೈವ್ ಸ್ಟೇಷನ್ ವ್ಯಾಗನ್. ಜಪಾನಿನಲ್ಲಿ ಇದನ್ನೇ 1982ರಿಂದ ಸ್ಪ್ರಿಂಟರ್ ಕ್ಯಾರಿಬ್ ಅಂತ ಮಾರುತ್ತಿದ್ದರು. ಭಾರತದ ಕಡೆ ಇದು ಬಂದೇ ಇಲ್ಲ, ಅದಕ್ಕೆ ಸ್ವಲ್ಪ ವಿವರ ಕೊಡುತ್ತೇನೆ.

ಇಂಜಿನ್ 1452 ಸಿಸಿಯ 3ಎ, ಪೆಟ್ರೋಲ್ ಗಾಳಿ ಬೆರೆಸಲು ಕಾರ್ಬುರೇಟರ್ ಇದೆ. ಪವರ್ ಅರುವತ್ತು ಹಾರ್ಸ್‌ಪವರ್ ಆಸುಪಾಸು, ಅಷ್ಟೇ. ಮಾಮೂಲಿಯಾಗಿ ಮುಂದಿನ ಚಕ್ರಗಳು ಎಳೆಯುತ್ತವೆ. ಗೇರ್ ಪಕ್ಕದ ಇನ್ನೊಂದು ಲಿವರ್ ಹಾಕಿದರೆ ಹಿಂದಿನವೂ ಸೇರಿಕೊಳ್ಳುತ್ತವೆ. ಗೇರ್ ಒಟ್ಟು ಆರು. ಆರನೆಯದು ವೇಗಕ್ಕಲ್ಲ, ಏರು ಹತ್ತಲಿಕ್ಕೆ ಇರುವ ಎಕ್ಸ್‌ಟ್ರಾ ಲೋ, ಅನುಪಾತ 4.71. ರೇಡಿಯೋ ಮೇಲೆ ಗಾಡಿ ಎಷ್ಟು ವಾಲಿದೆ ಅಂತ ತೋರಿಸುವ ಮೀಟರ್ ಬೇರೆ! ಹಿಂದಿನ ನಂಬರ್ ಪ್ಲೇಟ್ ಮಧ್ಯದಲ್ಲಿಲ್ಲ, ಒಂದು ಬದಿಗಿದೆ. ನೋಡಿದವರು ಒಂದೋ ಮುಖ ತಿರುಗಿಸುತ್ತಾರೆ, ಇಲ್ಲ ಪೂರಾ ಮನಸೋಲುತ್ತಾರೆ. ನಾನು ಎರಡನೇ ಗುಂಪು.

ಮಾರುವವರು 3,500 ಡಾಲರ್ ಹೇಳುತ್ತಿದ್ದಾರೆ. ನಿನ್ನೆ ಓಡಿಸಿ ನೋಡಿದೆ. ಎರಡು ತೊಂದರೆ ಕಂಡವು.

ಒಂದು, ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಚೆನ್ನಾಗೇ ಓಡಿತು. ಹತ್ತು ನಿಮಿಷ ಕಳೆದು ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಗಡಗಡ ನಡುಗಿ ಆಫ್ ಆಯಿತು. ಆಕ್ಸಿಲರೇಟರ್ ಒತ್ತಿ ಹಿಡಿದರೆ ನಿಲ್ಲುವುದಿಲ್ಲ.

ಎರಡು, ಅವರ ಮನೆ ಮುಂದೆ ಟಾರ್ ರಸ್ತೆಯಲ್ಲೇ ಫೋರ್‌ವೀಲ್ ಹಾಕಿ ತೋರಿಸಿದರು. ಆಮೇಲೆ ಲಿವರ್ ವಾಪಸ್ ತಳ್ಳಿದರೂ ಡ್ಯಾಶ್‌ಬೋರ್ಡಿನ ದೀಪ ಆರಲಿಲ್ಲ. ಪಾರ್ಕಿಂಗ್‌ನಲ್ಲಿ ತಿರುಗಿಸಿದರೆ ಯಾರೋ ಬ್ರೇಕ್ ಹಿಡಿದ ಹಾಗೆ ಬಿಗಿಯಾಗುತ್ತಿತ್ತು, ಟೈರ್ ಕೀರಲು ಸದ್ದು ಮಾಡುತ್ತಿತ್ತು.

ಗೇರ್‌ಬಾಕ್ಸ್ ಹೋಗಿದೆಯಾ? ಮನೆಯಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ದುಡ್ಡು ನೀರಿಗೆ ಹಾಕಲು ಮನಸ್ಸಿಲ್ಲ.

ಗ್ಯಾರೇಜ್_ಶಿವಮೊಗ್ಗ

ನಾನು ಈ ಗಾಡಿ ಕೈಯಲ್ಲಿ ಮುಟ್ಟಿಲ್ಲ. ಆದರೆ ಮೂವತ್ತು ವರ್ಷ ಕಾರ್ಬುರೇಟರ್ ಗಾಡಿಗಳನ್ನೇ ಬಿಚ್ಚಿದ್ದೇನೆ. ಮಾರುತಿ ಜಿಪ್ಸಿಯಂತೂ ಲೆಕ್ಕವಿಲ್ಲ. ನಿಮ್ಮ ಎರಡನೇ ತೊಂದರೆ ಜಿಪ್ಸಿ ಇಟ್ಟವರಿಗೆಲ್ಲ ಗೊತ್ತು.

ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ಸುತ್ತು ಹೋಗುತ್ತವೆ, ಹಿಂದಿನವು ಸಣ್ಣ ಸುತ್ತು. ಅಂದರೆ ಮುಂದಿನವು ಜಾಸ್ತಿ ಉರುಳಬೇಕು. ಇಂಥ ಗಾಡಿಗಳಲ್ಲಿ ಮಧ್ಯದಲ್ಲಿ ಡಿಫರೆನ್ಷಿಯಲ್, ಅಂದರೆ ಹಿಂದೆ ಮುಂದೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್, ಇರುವುದಿಲ್ಲ. ಫೋರ್‌ವೀಲ್ ಹಾಕಿದ ಕೂಡಲೇ ಹಿಂದೆ ಮುಂದೆ ಎರಡೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಕೆಸರು, ಹಿಮ, ಜಲ್ಲಿ ಆದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವೇ ಇಲ್ಲ. ಆ ಬಿಗಿತವೆಲ್ಲ ಶಾಫ್ಟಿನಲ್ಲಿ ಹಗ್ಗ ಹುರಿ ಹೊಸೆದ ಹಾಗೆ ಕೂರುತ್ತದೆ. ಫೋರ್‌ವೀಲ್ ಜೋಡಿಸುವ ಒಳಗಿನ ಉಂಗುರ (ಸ್ಲೀವ್) ಆ ಬಿಗಿತಕ್ಕೆ ಸಿಕ್ಕಿಕೊಂಡು ವಾಪಸ್ ಸರಿಯುವುದಿಲ್ಲ.

ಹಾಗಾಗಿ ಗೇರ್‌ಬಾಕ್ಸ್ ಹೋಗಿದೆ ಅಂತ ಈಗಲೇ ಹೆದರಬೇಡಿ ಮಾರಾಯ್ರೆ. ಸ್ಟೀರಿಂಗ್ ನೇರ ಇಟ್ಟುಕೊಂಡು ನಿಧಾನ ಹತ್ತು ಮೀಟರ್ ರಿವರ್ಸ್ ಬನ್ನಿ, ಹಾಗೆ ಬರುವಾಗಲೇ ಲಿವರ್ ತಳ್ಳಿ. ಹತ್ತಿರ ಮಣ್ಣಿನ ಜಾಗ ಇದ್ದರೆ ಇನ್ನೂ ಒಳ್ಳೆಯದು.

ದೀಪ ಆರಿದರೂ ಅಷ್ಟಕ್ಕೇ ನಂಬಬೇಡಿ, ಸ್ವಿಚ್ ಹಾಳಾಗಿರಬಹುದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಇಂಜಿನ್ ಆಫ್, ಫಸ್ಟ್ ಗೇರ್, ಲಿವರ್ ಟೂ-ವೀಲ್‌ನಲ್ಲಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ ಇರುವುದರಿಂದ ಅದನ್ನು ಬಿಡಲೇಬೇಕು, ಅದಕ್ಕೇ ಅಡ್ಡಗಲ್ಲು ಗಟ್ಟಿ ಇರಲಿ. ಈಗ ಹಿಂದಿನ ಒಂದು ಚಕ್ರ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಡಿ, ಕೈಯಲ್ಲಿ ತಿರುಗಿಸಿ. ಆರಾಮಾಗಿ ತಿರುಗಿದರೆ ಫೋರ್‌ವೀಲ್ ಬಿಟ್ಟಿದೆ. ತಿರುಗದಿದ್ದರೆ ಇನ್ನೂ ಒಳಗೆ ಹಿಡಿದಿದೆ. ಆಮೇಲೆ ಲಿವರ್ ಹಾಕಿ ಅದೇ ಚಕ್ರ ತಿರುಗಿಸಿ. ಈಗ ನಿಲ್ಲಬೇಕು.

ಇನ್ನೊಂದು ಮಾತು. ನಾಲ್ಕೂ ಟೈರ್ ನೋಡಿ. ಮುಂದಿನವು ಹೊಸದು, ಹಿಂದಿನವು ಸವೆದದ್ದು ಅಂತಿದ್ದರೆ ಫೋರ್‌ವೀಲ್‌ನಲ್ಲಿ ನೇರ ರಸ್ತೆಯಲ್ಲೂ ಇದೇ ತಾಪತ್ರಯ.

ಕ್ಯಾರಿಬ್_ಆಕ್ಲೆಂಡ್

ಟೈರ್ ವಿಷಯ ನೂರಕ್ಕೆ ನೂರು ಸರಿ. ನಾನು ಇಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಕ್ಯಾರಿಬ್ ಇಟ್ಟಿದ್ದೆ. ಚಕ್ರ 13 ಇಂಚಿನದು, ಟೈರ್ ಸೇರಿ ತ್ರಿಜ್ಯ 29 ಸೆಂ.ಮೀ. ಹತ್ತಿರ. ಅದರಲ್ಲಿ 5 ಮಿ.ಮೀ. ಸವೆದರೆ ಕಿಲೋಮೀಟರಿಗೆ ಸುಮಾರು 17 ಮೀಟರ್ ವ್ಯತ್ಯಾಸ ಬರುತ್ತದೆ. ಆ 17 ಮೀಟರನ್ನು ಗೇರ್‌ಬಾಕ್ಸೇ ನುಂಗಬೇಕು. ನಾಲ್ಕೂ ಒಂದೇ ಸಲ ಬದಲಿಸಿ, ದುಡ್ಡು ಉಳಿಸಬೇಡಿ.

ಇಂಜಿನ್ ಬಗ್ಗೆ ಒಂದೇ ಎಚ್ಚರಿಕೆ. ಇಂಟರ್ನೆಟ್ಟಿನಲ್ಲಿ ಕ್ಯಾರಿಬ್‌ನ ವ್ಯಾಕ್ಯೂಮ್ ಪೈಪ್ (ಇಂಜಿನ್ ಗಾಳಿ ಹೀರುವ ಸೆಳೆತವನ್ನು ಒಯ್ಯುವ ಸಣ್ಣ ಕೊಳವೆ) ನಕ್ಷೆ ಸಿಕ್ಕಿದರೆ ಅದನ್ನು ನಿಮ್ಮ ಗಾಡಿಗೆ ಬಳಸಬೇಡಿ. ಅಮೆರಿಕದ ಗಾಡಿಯದೇ ಬೇರೆ. ನಿಮ್ಮ ಬಾನೆಟ್ ಕೆಳಗೆ ಪೈಪ್ ನಕ್ಷೆಯ ಸ್ಟಿಕ್ಕರ್ ಇದ್ದರೆ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಚಿನ್ನ ಅದು.

ತುಕ್ಕು_ತಜ್ಞ (ಮಿಷಿಗನ್)

ಇಂಜಿನ್, ಗೇರ್ ಎಲ್ಲ ಆಮೇಲೆ. ಗಾಡಿ ಇಷ್ಟು ವರ್ಷ ಯಾವ ಊರಲ್ಲಿತ್ತು? ಅದು ಮೊದಲ ಪ್ರಶ್ನೆ. ನಮ್ಮ ಕಡೆ ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಲ್ಲಿ ಈ ಗಾಡಿಗಳು ಇಂಜಿನ್ ಕೆಟ್ಟು ಸತ್ತಿಲ್ಲ, ತುಕ್ಕು ತಿಂದು ಸತ್ತವು. ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳಗಿನ ಪಟ್ಟಿ, ಸ್ಟೆಪ್ನಿ ಗುಂಡಿ, ಹಿಂದಿನ ಆಕ್ಸಲ್ ಹಿಡಿದಿರುವ ಬ್ರಾಕೆಟ್ ಕೂರುವ ಜಾಗ. ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಕಮಾನಿನ ಮೇಲೆ ಓಡಾಡಿಸಿ. ಅಂಟದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ.

ಕಮಾನು ಹೋಗಿದ್ದರೆ ಟಿಂಕರಿಂಗ್ ಮಾಡಿಸಬಹುದು. ಆಕ್ಸಲ್ ಬ್ರಾಕೆಟ್ ಜಾಗ ಮೆತ್ತಗಾಗಿದ್ದರೆ ದಯವಿಟ್ಟು ಬಿಟ್ಟುಬಿಡಿ. ಇಂಜಿನ್ ಸಾಮಾನು ಹುಡುಕಿದರೆ ಸಿಗುತ್ತದೆ, ಆ ಕಾಲದ ಕೊರೊಲ್ಲಾಗಳ ಇಂಜಿನ್ ಕೂಡ ಇದೇ ವಂಶದ್ದು. ಬಾಡಿ ಸಾಮಾನು ಸಿಗುವುದು ತುಂಬಾ ಕಷ್ಟ.

ಹಳೇ_ವ್ಯಾಗನ್

ತುಂಬಾ ಉಪಕಾರ. ಇವತ್ತು ಮತ್ತೆ ಹೋಗಿದ್ದೆ.

ರಿವರ್ಸ್ ಬಂದೆ. ನಾಲ್ಕೈದು ಮೀಟರಿಗೇ ಕೆಳಗಿನಿಂದ 'ಟಕ್' ಅಂತ ಶಬ್ದ ಬಂತು, ದೀಪ ಆರಿತು. ಜಾಕ್ ಪರೀಕ್ಷೆಯಲ್ಲೂ ಸರಿ ಬಂತು. ಶಿವಮೊಗ್ಗದ ಅಣ್ಣ ಹೇಳಿದ ಹಾಗೆಯೇ ಟೈರ್ ಹಿಂದೆ ಒಂದು ಕಂಪನಿಯದು, ಮುಂದೆ ಒಂದು. ಹಿಂದಿನವು ಬೋಳು.

ಗಾಡಿ ಮೊದಲ ಆರು ವರ್ಷ ಒಹಾಯೋದಲ್ಲಿತ್ತು (ಅಲ್ಲೂ ರಸ್ತೆಗೆ ಉಪ್ಪು ಹಾಕುತ್ತಾರೆ), ಆಮೇಲೆಲ್ಲ ಇಲ್ಲೇ. ಎಡ ಕಮಾನಿನಲ್ಲಿ ಅಂಗೈ ಅಗಲದಷ್ಟು ಪುಟ್ಟಿ ಸಿಕ್ಕಿತು. ಬ್ರಾಕೆಟ್‌ಗಳ ಸುತ್ತ ಸ್ಕ್ರೂಡ್ರೈವರ್ ಒತ್ತಿ ನೋಡಿದೆ, ಗಟ್ಟಿ ಇದೆ. ಎಲ್ಲ ಫೋಟೋ ಅವರಿಗೇ ತೋರಿಸಿ 2,700 ಡಾಲರಿಗೆ ಒಪ್ಪಿಸಿದೆ. ತಗೊಂಡೆ!

ಈಗ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವುದರ ಪ್ರಶ್ನೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂಗೆ ಕಂಪನಿ ಹಾಕಿದ ಮುಚ್ಚಳ ಇರುತ್ತದಲ್ಲ, ಅದನ್ನು ಯಾರೋ ಕೊರೆದು ತೆಗೆದಿದ್ದಾರೆ. ಅರ್ಧ ಸುತ್ತು ತಿರುಗಿಸಿ ನೋಡಲಾ? ಪೋರ್ಟ್‌ಲ್ಯಾಂಡಿನಲ್ಲಿ ತೀರಾ ಹೊಸದು ಬಿಟ್ಟರೆ 1975ರಿಂದ ಈಚಿನ ಗಾಡಿಗಳಿಗೆ ಹೊಗೆ ಪರೀಕ್ಷೆ ಇದೆ, ಅದರಲ್ಲಿ ಪಾಸಾಗಬೇಕು. ವ್ಯಾಕ್ಯೂಮ್ ಪೈಪ್‌ಗಳನ್ನೆಲ್ಲ ಕಿತ್ತು ಹಾಕಿ ಸರಳ ಮಾಡು ಅಂತ ಇಲ್ಲಿ ಒಬ್ಬರು ಹೇಳಿದರು.

ಗ್ಯಾರೇಜ್_ಶಿವಮೊಗ್ಗ

ಸ್ಕ್ರೂ ಮುಟ್ಟಬೇಡಿ. ದಯವಿಟ್ಟು ಮುಟ್ಟಬೇಡಿ. ನಿಮಗಿಂತ ಮುಂಚೆ ಯಾರೋ ಮುಟ್ಟಿದ್ದಕ್ಕೇ ಗಾಡಿ ಈ ಸ್ಥಿತಿಗೆ ಬಂದಿದೆ. ಪೈಪ್ ಕಿತ್ತರೆ ಪರೀಕ್ಷೆಯೂ ಕೈಬಿಡುತ್ತದೆ.

ಸ್ವಲ್ಪ ಯೋಚನೆ ಮಾಡಿ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಕೆಡುತ್ತದೆ. ತಣ್ಣಗಿದ್ದಾಗ ಗಾಳಿ ತಡೆಯುವ ಚೋಕ್ ಮುಚ್ಚಿರುತ್ತದೆ, ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಐಡ್ಲಿಂಗ್ ಕೂಡ ಎತ್ತರದಲ್ಲಿರುತ್ತದೆ. ಎಲ್ಲಿಂದಲೋ ಕಳ್ಳ ಗಾಳಿ ಒಳಗೆ ಹೋಗುತ್ತಿದ್ದರೂ ಆ ಜಾಸ್ತಿ ಪೆಟ್ರೋಲ್ ಅದನ್ನು ಮುಚ್ಚಿಹಾಕುತ್ತದೆ. ಬಿಸಿಯಾಗಿ ಚೋಕ್ ತೆರೆಯಿತು ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಕ್ಸಿಲರೇಟರ್ ಒತ್ತಿದಾಗ ಹೇಗೂ ತುಂಬಾ ಗಾಳಿ ಬರುತ್ತಿರುತ್ತದೆ, ಆ ಸಣ್ಣ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಗಾಡಿಯ ಲಕ್ಷಣ ಪೂರಾ ಇದೇ ಅಲ್ವಾ?

ಒಂದು ಪರೀಕ್ಷೆ ಮಾಡಿ. ಇಂಜಿನ್ ಬಿಸಿ ಇರುವಾಗ ಏರ್ ಫಿಲ್ಟರ್ ಮುಚ್ಚಳ ತೆಗೆದು, ದಪ್ಪ ರಟ್ಟಿನ ತುಂಡಿನಿಂದ ಕಾರ್ಬುರೇಟರ್ ಬಾಯಿ ನಿಧಾನ ಅರ್ಧ ಮುಚ್ಚಿ. ಮುಖ ದೂರ ಇರಲಿ. ಐಡ್ಲಿಂಗ್ ಸುಧಾರಿಸಿದರೆ ಗಾಳಿ ಎಳೆಯುತ್ತಿರುವ ಸಾಧ್ಯತೆಯೇ ಜಾಸ್ತಿ. ಸುಧಾರಿಸದೆ ಕಪ್ಪು ಹೊಗೆ ಬಂದು ನಿಂತರೆ ಬೇರೆ ಕಡೆ ಹುಡುಕೋಣ.

ಆಮೇಲೆ ಇಂಜಿನ್ ಹೀರುವ ಸೆಳೆತ ಅಳೆಯುವ ಒಂದು ವ್ಯಾಕ್ಯೂಮ್ ಗೇಜ್ ತಗೊಳ್ಳಿ, ಇಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿಗೆ ಜೋಡಿಸಿ. ಸಮುದ್ರಮಟ್ಟದ ಹತ್ತಿರದ ಊರಲ್ಲಿ ಆರೋಗ್ಯವಾಗಿರುವ ಇಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ. ನಿಮ್ಮದು ಎಷ್ಟು ಬರುತ್ತದೆ ನೋಡಿ.

ಗಾಳಿ ಹುಡುಕುವ ಮುಂಚೆ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವ್‌ಗಳ ಮೇಲಿನ ಸಂದು ಸರಿಮಾಡುವುದು) ಮಾಡಿ. ಅದಾದ ಮೇಲೆ ಟೈಮಿಂಗ್, ಅಂದರೆ ಕಿಡಿ ಹೊಡೆಯುವ ಹೊತ್ತು. ಆಮೇಲೆ ಗಾಳಿ. ಸ್ಕ್ರೂ ಕಟ್ಟಕಡೆಗೆ. ಈ ಕ್ರಮ ತಪ್ಪಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂರಿಸುತ್ತಾ ಹೋಗುತ್ತೀರಿ, ಕೊನೆಗೆ ಯಾವುದು ಯಾವುದರಿಂದ ಅಂತಲೇ ಗೊತ್ತಾಗುವುದಿಲ್ಲ.

ಕ್ಯಾರಿಬ್_ಆಕ್ಲೆಂಡ್

ಟ್ಯಾಪೆಟ್ ಅಳತೆ: ಇಂಜಿನ್ ಬಿಸಿ ಇರುವಾಗ ಇನ್ಲೆಟ್ 0.20 ಮಿ.ಮೀ., ಎಕ್ಸಾಸ್ಟ್ 0.30 ಮಿ.ಮೀ. ಸ್ಕ್ರೂ ಮತ್ತು ಲಾಕ್‌ನಟ್, ಕಷ್ಟ ಏನಿಲ್ಲ. ಮೇಲಿನ ಮುಚ್ಚಳದ ಪ್ಯಾಕಿಂಗ್ ಹೊಸದು ತರಿಸಿಟ್ಟುಕೊಳ್ಳಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ರಸೀದಿ ಇಲ್ಲದಿದ್ದರೆ ಅದನ್ನೂ ಹೊಸದು ಹಾಕಿ.

ಗಾಳಿ ಹುಡುಕಲು ಕೆಲವರು ಕಾರ್ಬುರೇಟರ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಇಂಜಿನ್ ಮೇಲೆ ಅದು ಹೊತ್ತಿಕೊಳ್ಳಬಹುದು. ಗಿಡಕ್ಕೆ ಹೊಡೆಯುವ ಸಣ್ಣ ಬಾಟಲಿಯಲ್ಲಿ ನೀರು ಹಾಕಿ ಪೈಪ್ ತುದಿಗಳ ಮೇಲೆ ಹನಿಹನಿಯಾಗಿ ಹೊಡೆಯಿರಿ. ಸೋರುವ ಜಾಗದಲ್ಲಿ ನೀರು ಬಿದ್ದಾಗ ಇಂಜಿನ್ ಸದ್ದು ಬದಲಾಗುತ್ತದೆ. ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ.

ಹಳೇ_ವ್ಯಾಗನ್

ಎರಡು ವಾರಾಂತ್ಯದ ಕೆಲಸ ಆಯಿತು. ಮುಂದೆ ಯಾರಿಗಾದರೂ ಉಪಯೋಗ ಆಗಲಿ ಅಂತ ಪೂರ್ತಿ ಬರೆಯುತ್ತೇನೆ.

ರಟ್ಟಿನ ಪರೀಕ್ಷೆ: ಅರ್ಧ ಮುಚ್ಚಿದ ಕೂಡಲೇ ನಡುಕ ನಿಂತು ಇಂಜಿನ್ ಮೆತ್ತಗೆ ಓಡಿತು. ಆ ಕ್ಷಣ ನಿಜವಾಗಲೂ ಖುಷಿಯಾಯಿತು. ಗೇಜ್ 13 ಇಂಚು ತೋರಿಸುತ್ತಿತ್ತು.

ಟ್ಯಾಪೆಟ್: ಎರಡು ಎಕ್ಸಾಸ್ಟ್ ವಾಲ್ವ್‌ಗಳಲ್ಲಿ ಸಂದು ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ತೂರಲೇ ಇಲ್ಲ, ಅಷ್ಟು ಬಿಗಿ. ಸರಿ ಮಾಡಿದ ಮೇಲೆ ವ್ಯಾಕ್ಯೂಮ್ 15.

ನೀರಿನ ಬಾಟಲಿ: ಮ್ಯಾನಿಫೋಲ್ಡಿನ ಹಿಂಬದಿ, ಕೈ ಹೋಗದ ಜಾಗದಲ್ಲಿ ಒಂದು ಪೈಪ್ ತುದಿ ಸೀಳಿತ್ತು. ಮೇಲಿಂದ ನೋಡಿದರೆ ಗಟ್ಟಿ ಕಾಣುತ್ತಿತ್ತು, ಬಾಗಿಸಿದಾಗ ಬಾಯಿ ಬಿಟ್ಟಿತು. ಸ್ಟಿಕ್ಕರ್ ನಕ್ಷೆ ನೋಡಿಕೊಂಡು ಒಂದೊಂದೇ ಪೈಪ್ ತೆಗೆದು, ಅದೇ ಅಳತೆಯ ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋದೆ. ಎರಡು ಪೈಪ್ ಒಟ್ಟಿಗೆ ಒಂದು ಸಲವೂ ಬಿಚ್ಚಲಿಲ್ಲ. ಈಗ 16.

ಇನ್ನೂ ಒಂದಿದೆ ಅನಿಸುತ್ತಿತ್ತು. ಕಾರ್ಬುರೇಟರ್ ಬುಡಕ್ಕೆ ನೀರು ಹೊಡೆದಾಗ ಸದ್ದು ಬದಲಾಯಿತು. ಸ್ಪಾನರ್ ಹಾಕಿದರೆ ನಾಲ್ಕು ನಟ್‌ಗಳಲ್ಲಿ ಎರಡು ಬೆರಳಲ್ಲೇ ತಿರುಗುವಷ್ಟು ಸಡಿಲ! ಬಿಚ್ಚಿ ನೋಡಿದೆ. ಕಾರ್ಬುರೇಟರ್ ಕೆಳಗಿನ ದಪ್ಪ ಇನ್ಸುಲೇಟರ್ ಪ್ಯಾಕಿಂಗ್‌ನಲ್ಲಿ ಕೂದಲೆಳೆ ಬಿರುಕು. ಹೊಸದು ಹಾಕಿ, ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಗೇಜ್ 18.5. ಮುಳ್ಳು ಅಲುಗಾಡದೆ ನಿಂತಿದೆ.

ಇಷ್ಟಾದ ಮೇಲೆ ಐಡ್ಲಿಂಗ್ ಜಾಸ್ತಿಯಾಗಿತ್ತು. ಹಿಂದಿನವರು ಸೋರಿಕೆ ಮುಚ್ಚಲು ಏರಿಸಿಟ್ಟಿದ್ದರು ಅಂತ ಕಾಣುತ್ತದೆ. ಅದನ್ನು ಇಳಿಸಿದೆ. ಮಿಕ್ಸ್ಚರ್ ಸ್ಕ್ರೂವನ್ನು ಪರೀಕ್ಷೆಯ ಹಿಂದಿನ ದಿನ ಒಂದು ವರ್ಕ್‌ಶಾಪಿನಲ್ಲಿ ಹೊಗೆ ಅಳೆಯುವ ಯಂತ್ರ ಇಟ್ಟು ಸರಿ ಮಾಡಿಸಿದೆ. ಹೊಗೆ ಪರೀಕ್ಷೆ ಮೊದಲ ಸಲಕ್ಕೇ ಪಾಸ್. ನಾಲ್ಕು ಹೊಸ ಟೈರ್ ಹಾಕಿದ್ದೇನೆ, ಗೇರ್‌ಬಾಕ್ಸ್ ಮತ್ತು ಹಿಂದಿನ ಡಿಫರೆನ್ಷಿಯಲ್ ಆಯಿಲ್ ಬದಲಿಸಿದ್ದೇನೆ. ನಿನ್ನೆ ಮೌಂಟ್ ಹುಡ್ ಕಡೆ ಹೋಗಿ ಹಿಮದ ಮೇಲೆ ಫೋರ್‌ವೀಲ್ ಹಾಕಿದೆ. ಟಾರಿಗೆ ಬರುವ ಮುಂಚೆಯೇ ತೆಗೆದೆ. ಒಂದೇ ಬೆರಳಿಗೆ ಬಂತು.

ಗ್ಯಾರೇಜ್_ಶಿವಮೊಗ್ಗ

ಬಹಳ ಸಂತೋಷ ಆಯಿತು. ಗೇಜ್ ಓದುವುದು ಕಲಿತಿರಿ, ಇನ್ನು ಗಾಡಿಯೇ ನಿಮಗೆ ಹೇಳುತ್ತದೆ. ಒಂದು 500 ಕಿ.ಮೀ. ಓಡಿಸಿದ ಮೇಲೆ ಕಾರ್ಬುರೇಟರ್ ಬುಡದ ನಟ್‌ಗಳನ್ನು ಇನ್ನೊಂದು ಸಲ ನೋಡಿ. ಹೊಸ ಪ್ಯಾಕಿಂಗ್ ಬಿಸಿಗೆ ಕುಗ್ಗುತ್ತದೆ.

ಹಳೇ_ವ್ಯಾಗನ್

ಖಂಡಿತ ಅಣ್ಣ. ಎಡ ಕಮಾನಿನ ಪುಟ್ಟಿ ಬಿಚ್ಚುವುದು ಬೇಸಿಗೆಗೆ ಇಟ್ಟುಕೊಂಡಿದ್ದೇನೆ. ಈಗ ಮಳೆ ನೀರು ಹಿಂದಿನ ಬಾಗಿಲಿನಿಂದ ಸ್ಟೆಪ್ನಿ ಗುಂಡಿಗೆ ಇಳಿಯುತ್ತಿದೆ. ಆ ಬಾಗಿಲ ರಬ್ಬರ್ ಎಲ್ಲೂ ಸಿಗುತ್ತಿಲ್ಲ. ಆಕ್ಲೆಂಡಿನವರೇ, ನೀವು ಏನು ಮಾಡಿದ್ದಿರಿ?

ಕ್ಯಾರಿಬ್_ಆಕ್ಲೆಂಡ್

ಅಸಲಿ ಸಿಗಲಿಲ್ಲ. ಹಳೆಯ ರಬ್ಬರಿನ ಒಂದು ಗೇಣು ಕತ್ತರಿಸಿ, ಅಡ್ಡ ಸೀಳಿನ ಫೋಟೋ ಸ್ಕೇಲ್ ಇಟ್ಟು ತೆಗೆಯಿರಿ. ಮೀಟರ್ ಲೆಕ್ಕದಲ್ಲಿ ರಬ್ಬರ್ ಮಾರುವವರ ಬಳಿ ಅದೇ ಆಕಾರದ್ದು ಸಿಗುತ್ತದೆ. ನಾನು ಹಾಗೇ ಹಾಕಿದ್ದೆ. ಅದು ಬರುವ ತನಕ ಗುಂಡಿಯ ತಳದ ರಬ್ಬರ್ ಬಿರಡೆ ತೆಗೆದಿಡಿ, ನೀರು ನಿಲ್ಲಬಾರದು.