ಸಿಗ್ನಲ್ ಕಡ್ಡಿ ಫುಲ್, ನೆಟ್ ಮಾತ್ರ ಸ್ಲೋ. ಯಾಕೆ ಸರ್?

ಪ್ರಶ್ನೆ (ಡೊಂಬಿವಲಿ ಪೂರ್ವದಿಂದ):
ನಮಸ್ಕಾರ ಸರ್. ನೀವು ಮೊಬೈಲ್ ನೆಟ್‌ವರ್ಕ್ ಪ್ಲಾನಿಂಗ್ ಕೆಲಸದಲ್ಲಿದ್ದೀರಿ ಅಂತ ಗ್ರೂಪಿನಲ್ಲಿ ಹೇಳಿದರು. ನಮ್ಮದು ಐದನೇ ಮಾಳಿಗೆ. ಬಾಲ್ಕನಿಯಿಂದ ಎರಡು ಕಡೆ ಟವರ್ ಕಾಣುತ್ತದೆ. ಎರಡೂ ನಮ್ಮ ಸಿಮ್‌ನದ್ದೇ ಅಂತ ಕಂಪನಿಯವರು ಅಂದರು. ಫೋನಿನಲ್ಲಿ ಕಡ್ಡಿ ಫುಲ್. ಆದರೂ ರಾತ್ರಿ ಒಂಬತ್ತಾದರೆ ಮಗಳ ಆನ್‌ಲೈನ್ ಕ್ಲಾಸ್ ಗಕ್ಕನೆ ನಿಲ್ಲುತ್ತದೆ. ಊರಿಗೆ, ಕಾರ್ಕಳದ ಕಡೆ ಹೋದಾಗ ಎರಡೇ ಕಡ್ಡಿಯಲ್ಲಿ ವಿಡಿಯೋ ಸಲೀಸಾಗಿ ಓಡುತ್ತದೆ. ಎರಡು ಟವರ್ ಹತ್ತಿರ ಇದ್ದರೆ ಡಬಲ್ ಸಿಗಬೇಕಲ್ವಾ?

ಉತ್ತರ:
ಅಕ್ಕ, ನಿಮಗೆ ತೊಂದರೆ ಕೊಡುತ್ತಿರುವುದು ಆ ಎರಡನೇ ಟವರೇ ಇರಬೇಕು.

ಟವರಿನ ಒಂದು ಆಂಟೆನಾ ಸಿಗ್ನಲ್ ಮುಟ್ಟಿಸುವ ಜಾಗಕ್ಕೆ ಸೆಲ್ ಅಂತಾರೆ. 2ಜಿ ಕಾಲದಲ್ಲಿ ಅಕ್ಕಪಕ್ಕದ ಸೆಲ್‌ಗಳಿಗೆ ಬೇರೆ ಬೇರೆ ಫ್ರೀಕ್ವೆನ್ಸಿ ಹಂಚುತ್ತಿದ್ದರು. 4ಜಿಯಲ್ಲಿ ಸಾಮಾನ್ಯವಾಗಿ ಎಲ್ಲ ಸೆಲ್‌ಗಳೂ ಒಂದೇ ಫ್ರೀಕ್ವೆನ್ಸಿ ಬಳಸುತ್ತವೆ. ಹಾಗಾಗಿ ಒಂದು ಟವರ್ ನಿಮಗೆ ಡೇಟಾ ಕಳಿಸುವ ಹೊತ್ತಿಗೇ ಇನ್ನೊಂದು ಅದೇ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರಿಗೋ ಕಳಿಸುತ್ತಿರುತ್ತದೆ. ಯಕ್ಷಗಾನದ ಜೋಡಾಟದಲ್ಲಿ ಎರಡು ರಂಗಸ್ಥಳದ ನಡುವೆ ಕೂತರೆ ಎರಡೂ ಚೆಂಡೆ ಜೋರಾಗಿಯೇ ಕೇಳುತ್ತದೆ, ಭಾಗವತರ ಪದ ಮಾತ್ರ ತಿಳಿಯುವುದಿಲ್ಲ ನೋಡಿ, ಹಾಗೆ. ಕಡ್ಡಿ ತೋರಿಸುವುದು ಸಿಗ್ನಲ್ ಎಷ್ಟು ಜೋರು ಅಂತ. ಎಷ್ಟು ಶುದ್ಧ ಅಂತ ಅಲ್ಲ.

ಇದರಿಂದ ಎಷ್ಟು ನಷ್ಟ ಅಂತ ಹೇಳುತ್ತೇನೆ. ಟವರಿನಲ್ಲಿ ಶೆಡ್ಯೂಲರ್ ಅಂತ ಒಂದು ಸಾಫ್ಟ್‌ವೇರ್ ಇದೆ. 4ಜಿಯಲ್ಲಿ ಯಾರಿಗೆ ಈಗ ಡೇಟಾ ಕಳಿಸಬೇಕು ಅಂತ ಅದು 1 ಮಿಲಿಸೆಕೆಂಡಿಗೊಮ್ಮೆ ತೀರ್ಮಾನಿಸುತ್ತದೆ. 20 ಮೆಗಾಹರ್ಟ್ಸ್ ಅಗಲದ ಫ್ರೀಕ್ವೆನ್ಸಿ ಇದ್ದರೆ ಹಂಚಲು 100 ಬ್ಲಾಕ್ ಸಿಗುತ್ತದೆ, ಒಂದೊಂದೂ 180 ಕಿಲೋಹರ್ಟ್ಸ್. ನಿಮ್ಮ ಫೋನು ಆಗಾಗ ಟವರಿಗೆ 0ಯಿಂದ 15ರ ಒಳಗೆ ಒಂದು ಮಾರ್ಕು ಕಳಿಸುತ್ತದೆ, ಇಲ್ಲಿ ಸಿಗ್ನಲ್ ಎಷ್ಟು ಚೆನ್ನಾಗಿದೆ ಅಂತ. ಅದಕ್ಕೆ ಸಿಕ್ಯೂಐ ಅಂತಾರೆ. 15 ಹೇಳಿದ ಫೋನಿಗೆ ಒಂದು ಬ್ಲಾಕಿನಲ್ಲಿ ಹೋಗುವ ಡೇಟಾ, 4 ಹೇಳಿದ ಫೋನಿಗೆ ಹೋಗುವುದರ ಸುಮಾರು ಒಂಬತ್ತು ಪಟ್ಟು! ಬ್ಲಾಕ್ ಅಷ್ಟೇ, ಸಮಯ ಅಷ್ಟೇ.

ರಾತ್ರಿ ಎಲ್ಲರೂ ಮನೆಗೆ ಬಂದು ಫೋನ್ ಹಿಡಿದಾಗ ನಿಮ್ಮ ಟವರಿನ ಸರದಿ ಉದ್ದ ಆಗುತ್ತದೆ, ಪಕ್ಕದ ಟವರಿನ ಗಲಾಟೆಯೂ ಹೆಚ್ಚುತ್ತದೆ. ಊರಿನಲ್ಲಿ ಹತ್ತಿರ ಬೇರೆ ಟವರ್ ಇರುವುದಿಲ್ಲ, ಜನವೂ ಕಡಿಮೆ.

ಪ್ರಶ್ನೆ (ಮುಲುಂಡ್‌ನಿಂದ):
ಹಾಗಾದರೆ ಆ ಎರಡು ಟವರ್‌ಗಳೇ ಮಾತಾಡಿಕೊಂಡು ಸರದಿ ಮಾಡಿಕೊಳ್ಳಬಾರದಾ ಮಾರಾಯ್ರೆ?

ಉತ್ತರ:
ಮಾಡಿಕೊಳ್ಳುತ್ತವೆ. ಕಷ್ಟ ಇರುವುದು ಅಲ್ಲೇ.

ಎರಡು 4ಜಿ ಟವರ್‌ಗಳ ನಡುವೆ ಎಕ್ಸ್2 ಅಂತ ಒಂದು ಕೊಂಡಿ ಇರುತ್ತದೆ. "ಈ ಬ್ಲಾಕ್‌ಗಳಲ್ಲಿ ನಾನು ಜೋರಾಗಿ ಕಳಿಸುತ್ತೇನೆ", "ಈ ಬ್ಲಾಕ್‌ಗಳಲ್ಲಿ ನನಗೆ ಗಲಾಟೆ ಜಾಸ್ತಿ ಆಗ್ತಿದೆ" ಅಂತ ಹೇಳಿಕೊಳ್ಳುವ ವ್ಯವಸ್ಥೆ 4ಜಿ ನಿಯಮಾವಳಿಯ ಮೊದಲ ಆವೃತ್ತಿ, 2008ರ ರಿಲೀಸ್ 8ರಲ್ಲೇ ಬಂತು. 2011ರ ರಿಲೀಸ್ 10ರಲ್ಲಿ ಇನ್ನೊಂದು ಬಂತು. ದೊಡ್ಡ ಟವರ್ ಕೆಲವು ಮಿಲಿಸೆಕೆಂಡ್ ಡೇಟಾ ಕಳಿಸುವುದನ್ನೇ ನಿಲ್ಲಿಸಿ, ಅತೀ ಅಗತ್ಯದ ಸಿಗ್ನಲ್ ಮಾತ್ರ ಬಿಡುತ್ತದೆ. ಸ್ಟೇಷನ್ ಹೊರಗಿನ ಕಂಬದ ಮೇಲೆ ಕೂರಿಸಿದ ಸಣ್ಣ ಸೆಲ್ ಆ ಹೊತ್ತಿನಲ್ಲಿ ತನ್ನ ಅಂಚಿನ ಜನರಿಗೆ ಡೇಟಾ ಮುಟ್ಟಿಸುತ್ತದೆ.

ಆದರೆ ಎಕ್ಸ್2 ಸಂದೇಶ ಮುಟ್ಟುವುದಕ್ಕೆ ಹಲವು ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಶೆಡ್ಯೂಲರ್ ಹಲವು ತೀರ್ಮಾನ ಮುಗಿಸಿರುತ್ತದೆ. ತಡ ಫೈಬರಿನದ್ದಲ್ಲ. ಅದರೊಳಗೆ ಬೆಳಕಿಗೆ ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಸಾಕು. ತಡ ಆಗುವುದು ನಡುವಿನ ರೂಟರ್‌ಗಳಲ್ಲಿ. ಅದಕ್ಕೇ ಬೇರೆ ಬೇರೆ ಟವರ್‌ಗಳ ನಡುವೆ ನಿಧಾನದ ಒಪ್ಪಂದ ಮಾತ್ರ ಸಾಧ್ಯ. ಒಂದೇ ಟವರಿನ, ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಮೂರು ಸೆಕ್ಟರ್‌ಗಳಿಗೆ ಈ ಕಷ್ಟ ಇಲ್ಲ, ಶೆಡ್ಯೂಲರ್ ಇರುವ ಪೆಟ್ಟಿಗೆ ಒಂದೇ. ಹಲವು ಟವರ್‌ಗಳ ಪೆಟ್ಟಿಗೆಗಳನ್ನು ಒಂದೇ ಕೋಣೆಗೆ ತಂದು, ನೇರ ಫೈಬರ್ ಎಳೆದರೆ ಎಲ್ಲಕ್ಕೂ ಒಟ್ಟಿಗೆ ಶೆಡ್ಯೂಲ್ ಮಾಡಬಹುದು. ಮುಂಬೈಯಲ್ಲಿ ರಸ್ತೆ ಅಗೆದು ಫೈಬರ್ ಎಳೆಯುವ ಖರ್ಚು, ಪರ್ಮಿಶನ್ ನಿಮಗೆ ಗೊತ್ತೇ ಇದೆ.

ಇನ್ನೊಂದು ಮಾತು. ಒಂದು ಟವರ್ ಸುಮ್ನಿದ್ದರೆ ಅದರ ಗ್ರಾಹಕರಿಗೆ ಅಷ್ಟು ನಷ್ಟ. ಒಟ್ಟು ಸ್ಪೀಡ್ ಮಾತ್ರ ನೋಡಿದರೆ ಸೆಲ್ಲಿನ ಅಂಚಿನವರಿಗೆ, ಅಂದರೆ ಅಕ್ಕನಂತೆ ಎರಡು ಟವರ್ ನಡುವೆ ಇರುವವರಿಗೆ, ಏನೂ ಸಿಗುವುದಿಲ್ಲ. ಅದು ನನಗೆ ಒಪ್ಪಿಗೆಯಿಲ್ಲ. ಅವರೂ ಅಷ್ಟೇ ದುಡ್ಡು ಕೊಡುತ್ತಾರೆ.

ಪ್ರಶ್ನೆ (ಪುಣೆ, ಹಿಂಜೆವಾಡಿಯಿಂದ):
ಅಕ್ಕ ಕೇಳಿದ ಡಬಲ್ ಯಾವತ್ತೂ ಸಿಗುವುದಿಲ್ಲವಾ?

ಉತ್ತರ:
ಸಿಗುತ್ತದೆ, ಫ್ರೀಕ್ವೆನ್ಸಿ ಬೇರೆ ಇದ್ದರೆ. 1800 ಮತ್ತು 2300 ಮೆಗಾಹರ್ಟ್ಸ್ ಎರಡನ್ನೂ ಫೋನು ಒಟ್ಟಿಗೆ ಬಳಸಬಹುದು. 4ಜಿ ಮತ್ತು 5ಜಿ ಸೆಲ್ ಎರಡರಿಂದಲೂ ಡೇಟಾ ತೆಗೆದುಕೊಳ್ಳಬಹುದು. ಈ 4ಜಿ-5ಜಿ ಜೋಡಿಯಲ್ಲಿ ಎರಡು ಬೇರೆ ಶೆಡ್ಯೂಲರ್‌ಗಳು ಕೆಲಸ ಮಾಡುತ್ತವೆ, ಡೇಟಾದ ತುಂಡುಗಳಾದ ಪ್ಯಾಕೆಟ್‌ಗಳು ಹಿಂದೆಮುಂದೆ ಬರುತ್ತವೆ. ಪ್ರತಿ ಪ್ಯಾಕೆಟಿನ ಮೇಲಿನ ನಂಬರ್ ನೋಡಿ ಫೋನು ಅವನ್ನು ಸಾಲಾಗಿ ಜೋಡಿಸಿಕೊಳ್ಳಬೇಕು. ಒಂದು ಕಡೆ ಪ್ಯಾಕೆಟ್ ರಾಶಿ ಬಿದ್ದರೆ ಇನ್ನೊಂದು ಕಡೆಯದ್ದೂ ಕಾಯುತ್ತದೆ. ಆದ್ದರಿಂದ "ನನ್ನಲ್ಲಿ ಇನ್ನು ಇಷ್ಟಕ್ಕೆ ಜಾಗ ಇದೆ" ಅಂತ ಒಂದು ಸೆಲ್ ಇನ್ನೊಂದಕ್ಕೆ ಹೇಳುತ್ತಲೇ ಇರುತ್ತದೆ.

ಪ್ರಶ್ನೆ (ಡೊಂಬಿವಲಿ ಪೂರ್ವದಿಂದ):
ಈಗ ಅರ್ಥ ಆಯಿತು ಸರ್. ಮನೆಯಲ್ಲಿ ನಾನೇನು ಮಾಡಲಿ?

ಉತ್ತರ:
ಮಗಳನ್ನು ಬಾಲ್ಕನಿಯಿಂದ ಒಳಗೆ, ಒಂದೇ ಟವರಿನ ಕಡೆ ಕಿಟಕಿ ಇರುವ ಕೋಣೆಯಲ್ಲಿ ಕೂರಿಸಿ. ಇನ್ನೊಂದು ಟವರನ್ನು ಗೋಡೆಗಳೇ ತಡೆಯುತ್ತವೆ. ಕಡ್ಡಿ ಒಂದೆರಡು ಇಳಿದರೂ ಚಿಂತೆ ಬೇಡ.

ಸಿಗ್ನಲ್ ತೋರಿಸುವ ಒಂದು ಉಚಿತ ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಎಸ್‌ಐಎನ್‌ಆರ್ ನೋಡಿ, ಗಲಾಟೆಗಿಂತ ಸಿಗ್ನಲ್ ಎಷ್ಟು ಜೋರು ಅನ್ನುವ ಅಳತೆ ಅದು: 20ರ ಮೇಲಿದ್ದರೆ ಬಹಳ ಚೆನ್ನ, ಸೊನ್ನೆಯ ಕೆಳಗೆ ಹೋದರೆ ತೊಂದರೆ. ಪಿಸಿಐ ಅನ್ನುವ, ಸೆಲ್ಲಿನ ಗುರುತಿನ ನಂಬರನ್ನೂ ನೋಡಿ. ಕೂತಲ್ಲೇ ಅದು ಎರಡು ನಂಬರ್ ನಡುವೆ ಬದಲಾಗುತ್ತಿದ್ದರೆ ಫೋನು ಎರಡು ಸೆಲ್‌ಗಳ ನಡುವೆ ಓಡಾಡುತ್ತಿದೆ ಅಂತ ಅರ್ಥ. ಕಂಪನಿಗೆ ಬರೆಯುವಾಗ "ನೆಟ್ ಸ್ಲೋ" ಅಂತ ಮಾತ್ರ ಬರೆಯಬೇಡಿ. ಸಮಯ, ಎಸ್‌ಐಎನ್‌ಆರ್, ಆ ಎರಡೂ ಪಿಸಿಐ ಬರೆದು ಸ್ಕ್ರೀನ್‌ಶಾಟ್ ಹಾಕಿ. ನಮ್ಮಂಥವರ ಟೇಬಲ್‌ಗೆ ಅದು ಬಂದರೆ ಯಾವ ಆಂಟೆನಾವನ್ನು ಕೆಳಗೆ ಬಾಗಿಸಬೇಕು ಅಂತ ತಕ್ಷಣ ಗೊತ್ತಾಗುತ್ತದೆ.